ಬಾಯಲ್ಲಿ ಆರು ಗುಂಡುಸೂಜಿ

ಐನೂರು ಕಿಲೋ ತೂಗುವ ಹೆಣ್ಣುಗುದುರೆಗೆ ಚಿಟ್ಟೆ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಹೊಟ್ಟೆ ನೋಡಿದರೆ ನೀರಿನ ಟ್ಯಾಂಕು, ಕಾಲು ನೋಡಿದರೆ ಹಳೇ ಮಂಚದ ಕಾಲು, ಸ್ವಭಾವ ಮಾತ್ರ ಭರ್ಜರಿ ಊಟ ಮುಗಿಸಿ ಒರಗಿಕೊಂಡ ಬೀಗರದು. ಎಬ್ಬಿಸಿದರೆ ಏಳುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಈಗಲೇ ಏಳಬೇಕಾ ಎಂದು ಒಂದು ಸಲ ತಿರುಗಿ ನೋಡಿಯೇ ಏಳುವುದು. ಲಾಯದಲ್ಲಿದ್ದ ಎಂಟು ಕುದುರೆಗಳಲ್ಲಿ ಹೊಸಬರನ್ನು ಹತ್ತಿಸುತ್ತಿದ್ದದ್ದು ಇದರ ಮೇಲೆಯೇ. ಯಾರನ್ನಾದರೂ ಬೀಳಿಸುವಷ್ಟು ಶ್ರಮ ಪಡುವ ಜಾಯಮಾನ ಅದರದಲ್ಲ.

ಈ ಚಿಟ್ಟೆಯ ಬೆನ್ನ ಮೇಲೆ ಹದಿನಾಲ್ಕು ತಿಂಗಳಿಂದ, ವಾರಕ್ಕೆ ಮೂರು ಬೆಳಿಗ್ಗೆ, ತಪ್ಪದೆ ಕೂರುತ್ತಿದ್ದವಳು ಟೇಪಮ್ಮ. ವಯಸ್ಸು ಅರವತ್ತೊಂದು, ಕಸುಬು ಹೊಲಿಗೆ. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ಮೊದಲ ಸಲ ಕುದುರೆ ಹತ್ತಿದಾಗಲೂ ಅದನ್ನು ತೆಗೆಯಲು ಮರೆತಿದ್ದಳು. ಕುದುರೆಗಳ ಹುಲ್ಲು ನೀರು ನೋಡಿಕೊಳ್ಳುತ್ತಿದ್ದ ಲಾಯದ ತಾತ ಅವತ್ತು ಟೇಪಮ್ಮ ಅಂದ, ಆ ಹೆಸರು ಅಂಟಿಕೊಂಡೇಬಿಟ್ಟಿತು. ಹೆತ್ತವರು ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಅವಳೇನೂ ಶೋಕಿಗೆ ಕುದುರೆ ಹತ್ತಿದವಳಲ್ಲ. ಲಾಯದಲ್ಲಿ ಸವಾರಿ ಕಲಿಸುವ ಮೇಡಂ ಅವಳ ಸ್ವಂತ ಮಗಳು. ಆ ಮಗಳ ಶಿಷ್ಯರಿಗೆಲ್ಲ ಸವಾರಿ ಪ್ಯಾಂಟು ಹೊಲಿದು ಕೊಡುತ್ತಿದ್ದವಳು ಇವಳು. ಮೊಣಕಾಲಿನ ಒಳಬದಿಯಲ್ಲಿ ಹೊಲಿಗೆ ಉಜ್ಜುತ್ತದೆ ಎಂದು ಒಬ್ಬರು ದೂರು ತಂದರು, ಇಬ್ಬರು ತಂದರು. ಮೂರನೆಯವರು ಬಂದಾಗ ಟೇಪಮ್ಮನಿಗೆ ರೇಗಿತು. "ಎಲ್ಲಿ ಉಜ್ಜುತ್ತೆ ಅಂತ ನಾನೇ ಕೂತು ನೋಡ್ತೀನಿ" ಎಂದು ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣ ಹಿಡಿದು ಲಾಯಕ್ಕೆ ಹೋಗಿ, ನಿಂತ ಕುದುರೆಯ ಪಕ್ಕ ಏಣಿ ಇಟ್ಟುಕೊಂಡು ಹತ್ತಿ ಕೂತಳು. ಗುರುತು ಹಾಕಿದ್ದಾಯಿತು. "ಇನ್ನು ಇಳಿಯಮ್ಮ" ಅಂದಳು ಮಗಳು. "ಇರೇ, ಒಂದು ಸುತ್ತು ಹೋಗಿಬರೋಣ" ಅಂದಳು ಅಮ್ಮ. ಆ ಒಂದು ಸುತ್ತು ಇನ್ನೂ ಮುಗಿದಿಲ್ಲ.

ಮನೆಯ ಯಜಮಾನರು ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರು. ಹೆಂಡತಿ ಕುಂಟುತ್ತಾ ಮನೆಗೆ ಬಂದಾಗಲೆಲ್ಲ ಪೇಪರಿನ ಹಿಂದಿನಿಂದ ಒಂದೇ ಮಾತು: "ಕುದುರೆ ಕಂಡ್ರೆ ಕಾಲುನೋವು ಅಂತಾರೆ. ನಿನಗೆ ಕುದುರೆ ಇಳಿದ್ರೆ ಕಾಲುನೋವು."

"ಅರವತ್ತಕ್ಕೆ ಅರಳು ಮರಳು ಅಂತ ನೇರವಾಗಿ ಹೇಳ್ಬಿಡಿ ಮತ್ತೆ."

"ಅದನ್ನ ನಾನು ಹೇಳಿದ್ರೆ ಚೆನ್ನಾಗಿರಲ್ಲ. ನನಗೆ ಅರವತ್ತಾರು."

ಕುದುರೆಗೆ ನಾಲ್ಕು ಗತಿ. ನಡಿಗೆ ಎಲ್ಲರಿಗೂ ಗೊತ್ತು. ಟ್ರಾಟ್ ಎಂಬ ಕುಕ್ಕುಲೋಟದಲ್ಲಿ ಸವಾರರ ಹಲ್ಲು ತಾಳ ಹಾಕುತ್ತದೆ. ನಾಗಾಲೋಟ ಜೀವದಾಸೆ ಬಿಟ್ಟವರಿಗೆ. ಇವೆರಡರ ನಡುವೆ ಇರುವುದು ಕ್ಯಾಂಟರ್: ಮೂರು ಹೆಜ್ಜೆಯ ತಾಳಕ್ಕೆ ತೊಟ್ಟಿಲು ತೂಗಿದಂಥ ಓಟ. ಆ ಓಟಕ್ಕೆ ಕುದುರೆಯನ್ನು ಕೇಳಿಕೊಳ್ಳುವುದಕ್ಕೊಂದು ಕ್ರಮವಿದೆ. ಬೇಲಿ ಹಾಕಿದ ಸವಾರಿ ಅಂಗಳದಲ್ಲಿ ಮೂಲೆ ಬರುವ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಿ ಜೀನಿನಲ್ಲಿ ಇಳಿದು ಕೂರಬೇಕು. ಅಂಗಳದ ಒಳಬದಿಗಿರುವ ಕಾಲು ಇದ್ದಲ್ಲೇ ಇದ್ದು ಕುದುರೆಯ ಪಕ್ಕೆಯನ್ನು ಒತ್ತಬೇಕು. ಬೇಲಿಯ ಕಡೆಯ ಕಾಲು ನಾಲ್ಕು ಬೆರಳು ಹಿಂದೆ ಸರಿದು ಮುಟ್ಟಬೇಕು. ಅದೇ ಗಳಿಗೆಗೆ ಒಳಬದಿಯ ಕೈ ಲಗಾಮನ್ನು ಒಂದಿಷ್ಟು ಸಡಿಲ ಬಿಡಬೇಕು, ಬಾಗಿಲು ತೆಗೆದು ಬನ್ನಿ ಎಂದ ಹಾಗೆ. ಮಗಳು ಇದನ್ನು ನೂರು ಸಲ ಹೇಳಿದ್ದಳು. ನೂರು ಸಲವೂ ಚಿಟ್ಟೆ ಕಿವಿ ಅಲ್ಲಾಡಿಸಿ ಕುಕ್ಕುಲೋಟದಲ್ಲೇ ಸಾಗಿತ್ತು.

ಆರನೇ ತಿಂಗಳಿಗೆ ಒಂದು ಬೆಳಿಗ್ಗೆ, ಅದೇನು ಪವಾಡವೋ, ಟೇಪಮ್ಮ ಕಾಲು ಒತ್ತಿದಳು, ಚಿಟ್ಟೆ ಎದ್ದು ಹೊರಟೇಬಿಟ್ಟಿತು. ಅಂದಿನಿಂದ ಒಮ್ಮೆಯೂ ತಪ್ಪಲಿಲ್ಲ. ಕಾಲು ಒತ್ತುವುದೇ ತಡ, ತೊಟ್ಟಿಲು ತೂಗತೊಡಗುತ್ತಿತ್ತು. "ನಲವತ್ತು ವರ್ಷ ಮಿಷನ್ ತುಳಿದ ಕಾಲು ಕಣೇ ಇದು, ಸುಮ್ನೇನಾ?" ಎಂದು ಮಗಳ ಮುಂದೆ ಬೀಗಿದಳು. ಅಂಗಡಿಗೆ ತೋಳು ಗಿಡ್ಡ ಮಾಡಿಸಲು ಬಂದವರಿಗೆ, ಜಿಪ್ಪು ಹಾಕಿಸಲು ಬಂದವರಿಗೆ, ಸುಮ್ಮನೆ ವಿಳಾಸ ಕೇಳಲು ಬಂದವರಿಗೂ ಕೂರಿಸಿಕೊಂಡು ಹೇಳಿದಳು. ಮಗಳು ಮಾತ್ರ ಬೂಟಿನ ತುದಿ ನೋಡಿಕೊಳ್ಳುತ್ತಿದ್ದಳು. ನಾಚಿಕೆ ಸ್ವಭಾವದ ಹುಡುಗಿ ಎಂದುಕೊಂಡಳು ಅಮ್ಮ. ಹುಡುಗಿಗೆ ಆಗಲೇ ಮೂವತ್ತನಾಲ್ಕು.

ಮರಳು ಹಾಸಿದ ಅಂಗಳದ ಒಂದು ಮಗ್ಗುಲಿಗೆ ಹಸಿರು ಬಣ್ಣದ ಗೇಟು. ಅದರಾಚೆ ಹೊಳೆದಂಡೆಯ ದಾರಿ. ಭಾನುವಾರ ಬೆಳಿಗ್ಗೆ ಮಗಳು ಆ ಗೇಟಿನಿಂದ ಕುದುರೆ ಹತ್ತಿ ಹೋಗಿ ಒಂದು ಗಂಟೆ ಬಿಟ್ಟು ಬರುತ್ತಿದ್ದಳು. ಬಂದಾಗ ಅವಳ ಮುಖ ನೋಡಬೇಕು: ಕೆನ್ನೆ ಕೆಂಪಗೆ, ಕಣ್ಣು ಅರಳಿಕೊಂಡು, ಕೂದಲು ಕೆದರಿ. ಎಂಟು ವರ್ಷದವಳಿದ್ದಾಗ ಆಟ ಮುಗಿಸಿ ಬರುತ್ತಿದ್ದಳಲ್ಲ, ಅದೇ ಮುಖ. ಮನೆಯೊಳಗೆ ಟೇಪಮ್ಮ ಆ ಮುಖ ನೋಡಿ ಎಷ್ಟೋ ವರ್ಷವಾಗಿತ್ತು. ಅದು ಆ ಗೇಟಿನಾಚೆ ಎಲ್ಲೋ ಹುಟ್ಟುತ್ತದೆ, ಅಲ್ಲಿಗೆ ಅವಳ ಪಕ್ಕದಲ್ಲಿ ಒಂದು ಸಲ ಹೋಗಬೇಕು ಎಂಬುದೊಂದೇ ಟೇಪಮ್ಮನ ಆಸೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹಗುರಾಗಿಬಿಡುತ್ತದೆ ಎಂದು ಭಯ.

ಆದರೆ ಲಾಯದ ಕಾನೂನು ಕಾನೂನೇ. ಪರೀಕ್ಷೆ ಪಾಸಾಗದವರಿಗೆ ಗೇಟು ತೆಗೆಯುವುದಿಲ್ಲ. ವರ್ಷಕ್ಕೊಮ್ಮೆ ಹೊರಗಿನಿಂದ ಪರೀಕ್ಷಕಿ ಬರುತ್ತಾರೆ. ಎಡ ಸುತ್ತಿನಲ್ಲಿ ಒಂದು ಸಲ, ಬಲ ಸುತ್ತಿನಲ್ಲಿ ಒಂದು ಸಲ, ಅವರು ಹೇಳಿದ ಮೂಲೆಯಲ್ಲಿ ಕುದುರೆಯನ್ನು ಕ್ಯಾಂಟರಿಗೆ ಎತ್ತಬೇಕು. ಕಲಿಸಿದವರು ಬೇಲಿಯಾಚೆ ನಿಂತು ತುಟಿಪಿಟಕ್ಕೆನ್ನದೆ ಇರಬೇಕು. "ಮುಂದಿನ ವರ್ಷ ಕೂರಮ್ಮ, ಏನವಸರ" ಎಂದು ಮಗಳು ಎರಡು ಮೂರು ಸಲ ಹೇಳಿದಳು. ಟೇಪಮ್ಮ ಕೇಳುವವಳಲ್ಲ. ತಾನೇ ಆಫೀಸಿಗೆ ಹೋಗಿ ಹೆಸರು ಬರೆಸಿ ಬಂದಳು. ಪರೀಕ್ಷೆಗೆ ಹದಿನಾರು ದಿನ ಇತ್ತು.

ಮರುದಿನವೇ ಮಗಳಿಗೆ ದವಡೆ ಹಲ್ಲು ಕೀಳಿಸಬೇಕಾಗಿ ಬಂತು. ಅದರ ಮರುಬೆಳಿಗ್ಗೆ ಅವಳು ಪಾಠಕ್ಕೆ ಬಂದದ್ದು ಒಂದು ಕೆನ್ನೆ ಊದಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು. ಕೈಸನ್ನೆಯಲ್ಲೇ ಶುರು ಮಾಡು ಎಂದಳು. ಟೇಪಮ್ಮ ಮೂಲೆಗೆ ಬಂದಳು, ಇಳಿದು ಕೂತಳು, ಕಾಲು ಒತ್ತಿದಳು. ಚಿಟ್ಟೆ ಕುಕ್ಕುಲೋಟವನ್ನು ಸ್ವಲ್ಪ ಜೋರು ಮಾಡಿತು, ಅಷ್ಟೇ. ಇನ್ನೊಂದು ಮೂಲೆ. ಇನ್ನೂ ಜೋರಾಯಿತು. ಐದನೇ ಮೂಲೆಯ ಹೊತ್ತಿಗೆ ಟೇಪಮ್ಮನ ಹಲ್ಲು, ಟೇಪು, ಕನ್ನಡಕ ಎಲ್ಲವೂ ಬೇರೆ ಬೇರೆ ದಿಕ್ಕಿಗೆ ಹಾರುತ್ತಿದ್ದವು.

"ಚಿಟ್ಟೆಗೆ ಇವತ್ತು ಹುಷಾರಿಲ್ಲ!" ಎಂದು ಕೂಗಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬೇಲಿಗೆ ಒರಗಿ ನೋಡುತ್ತಿದ್ದ ಲಾಯದ ತಾತನಿಗೆ ಪಾಪ ಅನ್ನಿಸಿರಬೇಕು. ಅವನು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ "ಟಕ್" ಅಂದ. ಚಿಟ್ಟೆ ಒಡನೆ ಮುಂಗಾಲೆತ್ತಿ ಕ್ಯಾಂಟರಿಗೆ ಹಾರಿತು. ಟೇಪಮ್ಮ ಆ ಗಳಿಗೆಯಲ್ಲಿ ಕಾಲೂ ಒತ್ತಿರಲಿಲ್ಲ, ಕೈಯೂ ಸಡಿಲಿಸಿರಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ಪಾದವಿಡುವ ರಿಕಾಪು ಕಾಲಿಂದ ಜಾರಿ, ಜೂಲು ಹಿಡಿದುಕೊಂಡು ಹೇಗೋ ಉಳಿದಳು.

"ಅದೇನು ಮಾಡಿದ್ರಿ ತಾತ?" ಎಂದು ಕೇಳಿದಳು, ಕುದುರೆ ನಿಂತ ಮೇಲೆ.

"ನಾನೇನು ಮಾಡ್ದೆ? ಮೇಡಂ ದಿನಾ ಮಾಡೋದನ್ನೇ ಮಾಡ್ದೆ. ಅವರ ನಾಲಿಗೆಗೆ ಇವತ್ತು ರಜಾ ಅಲ್ವಾ."

"ದಿನಾ ಮಾಡ್ತಾಳಾ? ಎಲ್ಲರಿಗೂ?"

ತಾತ ಸುಳ್ಳು ಹೇಳಲು ಬಾರದ ಮನುಷ್ಯ. "ಇಲ್ಲಮ್ಮ. ನಿಮಗೆ ಮಾತ್ರ."

ಟೇಪಮ್ಮ ಮಗಳ ಕಡೆ ನೋಡಿದಳು. ಅವಳ ಊದದ ಕೆನ್ನೆಯೂ ಕೆಂಪಾಗಿತ್ತು. ಇಷ್ಟು ದಿನ ಆ ಸದ್ದು ತನ್ನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಗೊರಸಿನ ಸದ್ದು, ಜೀನಿನ ಕಿರುಗುಟ್ಟುವಿಕೆ, ತನ್ನ ಎದೆಬಡಿತ, ಇವುಗಳ ನಡುವೆ ಅದೂ ಒಂದು ಎಂದುಕೊಂಡಿದ್ದಳು. ಎಂಟು ತಿಂಗಳ ಹೆಮ್ಮೆ ಮರಳಿನ ಮೇಲೆ ಚೆಲ್ಲಿತು. ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಕುದುರೆ ಇಳಿದು ಮನೆಗೆ ನಡೆದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಮಿಷನ್ನು, ಪಕ್ಕದಲ್ಲಿ ಕತ್ತರಿಸುವ ಮೇಜು, ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಒಂದು ಬಿಳಿ ಕರ್ಚೀಫು. ಕರ್ಚೀಫಿನ ಸುತ್ತ ನೀಲಿ ದಾರದ ಸರಪಳಿ ಹೊಲಿಗೆ. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಮೊದಲ ಬಹುಮಾನ ಬಂದದ್ದು ಇದಕ್ಕೇ. ಎರಡು ದಿನ ತಾಯಿ ಮಗಳು ಉಪ್ಪು ಸಾರು ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೇ ದಿನ ಮಗಳ ಕೆನ್ನೆ ಇಳಿದಿತ್ತು. ಅವಳು ತನ್ನ ಸವಾರಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂತಳು. ಕೋಟಿನ ನಡುವಿನ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಿತ್ತು. ಟೇಪಮ್ಮನ ಕೈ ತಾನಾಗಿ ಅದರ ಕಡೆ ಹೋಯಿತು, ಬಾಯಿ ಬೇರೆಯದೇ ಕೇಳಿತು.

"ನನ್ನನ್ನ ಏನಂದ್ಕೊಂಡಿದ್ದೀಯೇ? ಕೈಲಾಗದವಳು ಅಂತಾನಾ?"

"ಹಾಗಲ್ಲಮ್ಮ. ಚಿಟ್ಟೆ ಹೋಗದೇ ಇದ್ದಾಗೆಲ್ಲ ನೀನು ನನ್ನ ಕಡೆ ತಿರುಗಿ ನೋಡ್ತಿದ್ದೆ. ಹೋಮ್‌ವರ್ಕ್ ಮಾಡದ ಮಕ್ಕಳ ಥರ. ನನಗೆ ಆ ಮುಖ ನೋಡೋಕಾಗ್ಲಿಲ್ಲ. ಒಂದೇ ಒಂದು ಸಲ ಅಂತ ಟಕ್ ಅಂದೆ. ನೀನು ಎಷ್ಟು ನಕ್ಕೆ ಗೊತ್ತಾ ಅವತ್ತು? ಆಮೇಲೆ ನಿಲ್ಸೋಕೆ ಆಗ್ಲೇ ಇಲ್ಲ."

"ನಾನು ಊರಿಗೆಲ್ಲ ಡಂಗುರ ಸಾರಿದೆನಲ್ಲೇ! ನನ್ನದಲ್ಲದ್ದನ್ನ ನನ್ನದು ಅಂತ ಹೇಳ್ಕೊಂಡು ತಿರುಗೋ ಹಾಗೆ ಮಾಡ್ದೆಯಲ್ಲ. ಹೇಗಿರುತ್ತೆ ಅದು ಅಂತ ನಿನಗೇನು ಗೊತ್ತು?"

ಮಗಳು ತಲೆಯೆತ್ತಿದಳು. "ನನಗೆ ಗೊತ್ತಿಲ್ವಾ?" ಎಂದು ಗೋಡೆಯ ಮೇಲಿನ ಚೌಕಟ್ಟು ತೋರಿಸಿದಳು. "ಅದರಲ್ಲಿ ನಂದು ಎಷ್ಟು ಹೊಲಿಗೆ ಇದೆ ಹೇಳು."

ಟೇಪಮ್ಮನಿಗೆ ಉತ್ತರ ಗೊತ್ತಿತ್ತು. ಒಂದೂ ಇರಲಿಲ್ಲ. ಮಗಳ ಸರಪಳಿ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಅತ್ತಿತ್ತ ಹೋಗಿತ್ತು. ರಾತ್ರಿ ಅವಳು ಮಲಗಿದ ಮೇಲೆ ಅಮ್ಮ ಅಷ್ಟನ್ನೂ ಬಿಚ್ಚಿ, ಹೊಸದಾಗಿ ಹೊಲಿದು, ಇಸ್ತ್ರಿ ಮಾಡಿ ಇಟ್ಟಿದ್ದಳು. ಮಗುವಿಗೆ ತಿಳಿಯಲಿಲ್ಲ ಎಂದೇ ಇಪ್ಪತ್ತನಾಲ್ಕು ವರ್ಷ ನಂಬಿದ್ದಳು.

"ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನು ವೇದಿಕೆ ಮೇಲೆ ನಿಂತ್ಕೊಂಡು, ಈಗ ಯಾರಾದ್ರೂ ಇನ್ನೊಂದು ಹೊಲಿದು ತೋರ್ಸು ಅಂದ್ರೆ ಏನು ಗತಿ ಅಂತ ನಡುಗ್ತಾ ಇದ್ದೆ. ಅವತ್ತಿಂದ ನಾನು ಸೂಜಿ ಮುಟ್ಟಿಲ್ಲ."

ಮಗಳಿಗೆ ಸೂಜಿಯ ಮೇಲೆ ತಾಳ್ಮೆಯಿಲ್ಲ, ದರ್ಜಿಯ ಮಗಳಾಗಿ ಗುಂಡಿ ಹಾಕಲು ಬಾರದು ಎಂದು ಟೇಪಮ್ಮ ಎಷ್ಟು ಜನರ ಮುಂದೆ ಆಡಿಕೊಂಡಿದ್ದಳೋ ಲೆಕ್ಕವಿಲ್ಲ. ತಪ್ಪಾಯ್ತು ಕಣೇ ಅನ್ನಬೇಕು ಅನ್ನಿಸಿತು, ಅನ್ನುವ ಬದಲು ಮೇಜಿನ ಮೇಲಿನ ದಾರದ ಚೂರುಗಳನ್ನು ಹೆಕ್ಕತೊಡಗಿದಳು.

ಒಳಗಿನಿಂದ ಯಜಮಾನರು ಪೇಪರು ಮಡಿಸಿದ ಸದ್ದು ಕೇಳಿಸಿತು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಅಂದರು.

"ರೀ, ನೀವು ಸುಮ್ನಿರಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಕೂಗಿ, ಮಗಳು ಅಪ್ಪನನ್ನು 'ರೀ' ಎಂದದ್ದಕ್ಕೆ ಇಬ್ಬರಿಗೂ ನಗು ಬಂತು. ನಗುವಿನ ಕೊನೆಯಲ್ಲಿ ಟೇಪಮ್ಮ ಕಣ್ಣೊರೆಸಿಕೊಂಡಳು.

"ಇನ್ನು ಹನ್ನೆರಡು ದಿನ ಇದೆ. ನೀನು ಟಕ್ ಅನ್ನಬೇಡ. ಬಂದ್ರೆ ಬರ್ಲಿ, ಬರದಿದ್ರೆ ಬಿಡ್ಲಿ."

"ಅನ್ನಲ್ಲ."

"ಆ ಕೋಟು ಕೊಡೇ ಇಲ್ಲಿ, ಗುಂಡಿ..."

"ಗುಂಡಿ ನಾನೇ ಹೊಲ್ಕೋತೀನಿ" ಎಂದು ಮಗಳು ಕೋಟನ್ನು ಎದೆಗೆ ಅವಚಿಕೊಂಡಳು. ನಿನಗೆಲ್ಲಿ ಬರುತ್ತೆ ಎಂಬ ಮಾತು ಟೇಪಮ್ಮನ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು.

ಆಡುವುದು ಸುಲಭ. ಮರುದಿನ ಅಂಗಳದ ನಡುವೆ ನಿಂತ ಮಗಳು, ಅಮ್ಮ ಮೂಲೆಗೆ ಬಂದದ್ದೇ, "ಟಕ್" ಅಂದುಬಿಟ್ಟಳು. "ಅಯ್ಯೋ, ತಾನಾಗೇ ಬಂತಮ್ಮ!" ಎರಡನೇ ಸಲ ಬಾಯಿಗೆ ಕೈ ಅಡ್ಡ ಹಿಡಿದಳು. ಕೈಯ ಹಿಂದಿನಿಂದಲೂ "ಟಕ್" ಬಂತು. ಎಂಟು ತಿಂಗಳಲ್ಲಿ ಅವಳ ನಾಲಿಗೆಯೂ ಚಿಟ್ಟೆಯ ಕಾಲೂ ಒಂದೇ ದಾರದಲ್ಲಿ ಕಟ್ಟಿಕೊಂಡುಬಿಟ್ಟಿದ್ದವು. ಟೇಪಮ್ಮ ಕುದುರೆಯ ಮೇಲಿಂದಲೇ ಅವಳನ್ನು ಹತ್ತಿರ ಕರೆದು, ತನ್ನ ಕಾಲರಿನಲ್ಲಿ ಚುಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು.

"ತುಟಿ ಮಧ್ಯೆ ಇಟ್ಕೋ. ತಲೆ ಹೊರಗೆ, ಮೊನೆ ಒಳಗೆ. ಆರು. ನಾಲಿಗೆ ಅಲ್ಲಾಡ್ಸಿದ್ರೆ ಚುಚ್ಚುತ್ತೆ. ನಮ್ಮ ಕಸುಬಲ್ಲಿ ಬಾಯಿ ಮುಚ್ಚಿಸೋಕೆ ಇದಕ್ಕಿಂತ ಮದ್ದಿಲ್ಲ. ನಿನ್ನ ಅಪ್ಪನ ಜೊತೆ ನಲವತ್ತು ವರ್ಷ ಹೇಗೆ ಬಾಳಿದೆ ಅಂದ್ಕೊಂಡಿದ್ದೀಯ?"

ಹೀಗೆ ಶುರುವಾಯಿತು ಹೊಸ ಪಾಠ, ವಾರಕ್ಕೆ ಮೂರರ ಬದಲು ಈಗ ದಿನಾ ಬೆಳಿಗ್ಗೆ. ಮೇಡಂ ಬಾಯಲ್ಲಿ ಆರು ಗುಂಡುಸೂಜಿ, ಮಾತಾಡುವ ಹಾಗಿಲ್ಲ. ಕಾಲು ಹಿಂದೆ ಎನ್ನಲು ತನ್ನ ಕಾಲು ಹಿಂದಿಡುತ್ತಾಳೆ, ಇಳಿದು ಕೂರು ಎನ್ನಲು ಕುಕ್ಕರುಗಾಲಲ್ಲಿ ಕೂರುತ್ತಾಳೆ, ಕೈ ಬಿಡು ಎನ್ನಲು ಗಾಳಿಯಲ್ಲಿ ಏನನ್ನೋ ನೂಕುತ್ತಾಳೆ. ದಾರಿಹೋಕರು ಬೇಲಿಯ ಹತ್ತಿರ ನಿಂತು ನೋಡತೊಡಗಿದರು. ಚಿಟ್ಟೆಗೆ ಮಾತ್ರ ಇದರಿಂದೆಲ್ಲ ಏನೂ ಆಗಬೇಕಾಗಿರಲಿಲ್ಲ. ಐದು ದಿನ, ಒಂದು ಸಲವೂ, ಒಂದೇ ಒಂದು ಸಲವೂ ಅದು ಕ್ಯಾಂಟರಿಗೆ ಎದ್ದೇಳಲಿಲ್ಲ.

ಐದನೇ ದಿನದ ಮಧ್ಯಾಹ್ನ ಟೇಪಮ್ಮ ಮಿಷನ್ನಿನ ಮುಂದೆ ಕೂತು ಒಂದು ಶರ್ಟಿನ ಕಾಲರು ಹೊಲಿಯುತ್ತಿದ್ದಳು. ತಲೆತುಂಬ ಅದೇ ಚಿಂತೆ. ಕಾಲು ಸರಿಯಿದೆ, ಕೂರುವುದು ಸರಿಯಿದೆ, ಇನ್ನೇನು ಬೇಕು ಆ ಬೀಗಿತಿ ಚಿಟ್ಟೆಗೆ? ದಾರ ಮುಗಿಯಿತು. ಹೊಸ ದಾರ ಪೋಣಿಸಿ ಮತ್ತೆ ತುಳಿಯಲು ಹೊರಟಳು. ಆಗ ಕಣ್ಣಿಗೆ ಬಿತ್ತು. ಕಾಲು ತುಳಿಯುವ ಮೊದಲೇ ಅವಳ ಬಲಗೈ ಎದ್ದು, ಮಿಷನ್ನಿನ ಬಲಗಡೆಯ ಚಕ್ರ ಹಿಡಿದು, ತನ್ನ ಕಡೆಗೆ ಎಳೆಯಿತು.

ನಿಂತಳು. ಮತ್ತೆ ತುಳಿದಳು. ಮತ್ತೆ ಕೈ ಹೋಯಿತು, ಎಳೆಯಿತು. ಕಾಲ್ಮಿಷನ್ ಶುರುವಾಗುವುದೇ ಹಾಗೆ. ಚಕ್ರವನ್ನು ಕೈಯಿಂದ ತನ್ನ ಕಡೆ ಒಂದು ಸಲ ಎಳೆದರೆ ಕಾಲು ಮುಂದಿನದನ್ನು ನೋಡಿಕೊಳ್ಳುತ್ತದೆ. ನಲವತ್ತು ವರ್ಷ, ದಿನಕ್ಕೆ ಇನ್ನೂರು ಮುನ್ನೂರು ಸಲ. ಅಂದರೆ ಕುದುರೆಯ ಮೇಲೂ, ಹೊರಡು ಎಂದು ಕಾಲು ಒತ್ತಿದಾಗಲೆಲ್ಲ, ಬಲಗೈ ಕೇಳದೆ ಕೇಳಿಸದೆ ಲಗಾಮನ್ನು ಹಿಂದಕ್ಕೆ ಎಳೆಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಕಾಲು ಹೋಗು ಅಂದರೆ ಕೈ ನಿಲ್ಲು ಅನ್ನುತ್ತಿತ್ತು. ಪಾಪ, ಚಿಟ್ಟೆ ಯಾರ ಮಾತು ಕೇಳಬೇಕು?

"ರೀ, ಬನ್ನಿ ಇಲ್ಲಿ! ಕಳ್ಳ ಸಿಕ್ಕಿದ!" ಎಂದು ಕೂಗಿದಳು. ಯಜಮಾನರು ಊರುಗೋಲು ಹಿಡಿದೇ ಓಡಿ ಬಂದರು. ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು ಎತ್ತಿ ತೋರಿಸುತ್ತಿದ್ದ ಹೆಂಡತಿಯನ್ನು ನೋಡಿ, ಹಾಗೆಯೇ ಹಿಂದೆ ಹೋದರು.

ಅಂದಿನಿಂದ ಟೇಪಮ್ಮ ಬಲಗೈಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು, ಬರೀ ಕಾಲಿಂದ ಮಿಷನ್ ಶುರು ಮಾಡುವ ಅಭ್ಯಾಸಕ್ಕೆ ಬಿದ್ದಳು. ಕಸುಬು ಕಲಿಯುವಾಗ ಮಾಡಿದ ತಪ್ಪುಗಳೆಲ್ಲ ಹಳೇ ನೆಂಟರ ಹಾಗೆ ತಿರುಗಿ ಬಂದವು. ಚಕ್ರ ಹಿಂದಕ್ಕೆ ತಿರುಗುವುದು, ದಾರ ಗಂಟಾಗುವುದು, ಸೂಜಿ ಮುರಿಯುವುದು. ಒಂದು ಕಾಲರನ್ನು ಮೂರು ಸಲ ಬಿಚ್ಚಿದಳು. ಕೈ ಎದ್ದಾಗಲೆಲ್ಲ "ಜೇಬಿಗೆ ಹೋಗು" ಎಂದು ಗದರಿದಳು. ಬಟ್ಟೆ ಕೊಡಲು ಬಂದವರೊಬ್ಬರು ಅದನ್ನು ಕೇಳಿ, ಯಾರಿಗೆ ಹೇಳುತ್ತಿದ್ದಾಳೆ ಎಂದು ಸುತ್ತಮುತ್ತ ನೋಡಿದರು. ನಾಲ್ಕನೇ ದಿನಕ್ಕೆ ಮಿಷನ್ ಕಾಲಿನ ಮಾತು ಕೇಳಿತು. ಆರನೇ ದಿನ, ಲಾಯದಲ್ಲಿ, ಎಡ ಸುತ್ತಿನಲ್ಲಿ, ಚಿಟ್ಟೆ ಈಗಲೇ ಏಳಬೇಕಾ ಎಂದು ಕಿವಿ ತಿರುಗಿಸಿ, ಎದ್ದಿತು. ಟಕ್ ಇಲ್ಲದೆ ಎದ್ದಿತು. ಅಂಗಳದ ನಡುವೆ ಮಗಳು ಬಾಯಿ ತೆರೆಯಲಾರದೆ ಎರಡೂ ಕಾಲಲ್ಲಿ ಕುಪ್ಪಳಿಸಿದಳು.

ಬಲ ಸುತ್ತು ಮಾತ್ರ ಕೊನೆಯವರೆಗೂ ಕೈಕೊಟ್ಟಿತು. ಬಲ ಸುತ್ತಿನಲ್ಲಿ ಸಡಿಲ ಬಿಡಬೇಕಾದದ್ದು ಅದೇ ಕಳ್ಳ ಬಲಗೈ. ನಾಲ್ಕರಲ್ಲಿ ಒಂದು ಸಲ ಬಂದರೆ ಪುಣ್ಯ.

ಪರೀಕ್ಷೆಯ ಬೆಳಿಗ್ಗೆ ಬಂತು. ಪರೀಕ್ಷಕಿ ಕಡ್ಡಿಯಂಥ ಹೆಂಗಸು, ಕಡ್ಡಿಯಂಥ ಮಾತು. ಬೇಲಿಯಾಚೆ ತಾತನ ಪಕ್ಕ ಕೋಟು ತೋಳ ಮೇಲೆ ಹಾಕಿಕೊಂಡು ನಿಂತಿದ್ದ ಮಗಳನ್ನು ನೋಡಿ ಹುಬ್ಬೇರಿಸಿದರು.

"ಅದೇನು ಬಾಯಲ್ಲಿ?"

"ನಾಲಿಗೆಗೆ ಬೇಲಿ ಮೇಡಂ" ಅಂದ ತಾತ.

ಪರೀಕ್ಷಕಿ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಮಾಡಲಿಲ್ಲ. ಮಗಳು ತುಟಿ ಬಿಗಿಹಿಡಿದು ನಿಂತಿದ್ದಳು, ಉಗುಳಲೂ ಆಗದೆ ನುಂಗಲೂ ಆಗದೆ.

ಎಡ ಸುತ್ತು. ದೂರದ ಮೂಲೆ. ಟೇಪಮ್ಮ ಇಳಿದು ಕೂತಳು, ಕಾಲು ಒತ್ತಿದಳು, ಚಿಟ್ಟೆ ಹೊರಟಿತು. ಒಂದು ಸುತ್ತು ತೂಗಿ ಬಂದು ನಿಂತಿತು. ಪರೀಕ್ಷಕಿ ಏನೋ ಗೀಚಿದರು.

"ಈಗ ಬಲ ಸುತ್ತು. ಗೇಟಿನ ಹತ್ತಿರದ ಮೂಲೆ."

ಅದೇ ಮೂಲೆ ಬೇಕಿತ್ತೇ? ಹಸಿರು ಗೇಟು ಎದುರಿಗೇ ಇತ್ತು, ಸರಳುಗಳ ಮಧ್ಯೆ ಹೊಳೆದಂಡೆಯ ದಾರಿ ಕಾಣುತ್ತಿತ್ತು. ಅತ್ತ ನೋಡಿದಳೋ ಇಲ್ಲವೋ, ಆಸೆ ಕೈಗೆ ಇಳಿಯಿತು. ಕಾಲು ಒತ್ತಿದ್ದೇ ಬಲಗೈ ಚಕ್ರ ಎಳೆಯಿತು. ಚಿಟ್ಟೆ ತಲೆ ಮೇಲೆತ್ತಿ, ಬಾಯಿ ತೆರೆದು, ಕುಕ್ಕುಲೋಟದಲ್ಲೇ ಮೂಲೆ ದಾಟಿತು.

"ಇನ್ನೊಂದು ಅವಕಾಶ ಇದೆ" ಅಂದರು ಪರೀಕ್ಷಕಿ. "ಕೊನೇದು."

ಅಂಗಳದ ಉದ್ದಕ್ಕೂ ಮತ್ತೆ ಬರುವಾಗ ಟೇಪಮ್ಮನಿಗೆ ಬೇಲಿಯಾಚೆ ಮಗಳು ಕಂಡಳು. ಕಣ್ಣು ಇಷ್ಟಗಲ. ಎರಡೂ ಕೈಯಿಂದ ಬೇಲಿ ಹಿಡಿದುಕೊಂಡಿದ್ದಳು. ಒಂದು ಟಕ್ ಸಾಕು. ಪರ್ವಾಗಿಲ್ಲ, ಅಂದುಬಿಡೇ ಎಂದು ಟೇಪಮ್ಮನ ಅರ್ಧ ಮನಸ್ಸು ಬೇಡಿತು. ಸುಳ್ಳೇಕೆ, ಅರ್ಧಕ್ಕಿಂತ ಹೆಚ್ಚೇ ಬೇಡಿತು. ಗೇಟು ತೆರೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಗೋಡೆಯ ಮೇಲಿನ ಕರ್ಚೀಫು ನೆನಪಾಯಿತು. ಮುಖ ತಿರುಗಿಸಿಕೊಂಡಳು.

ಮೂಲೆ ಬಂತು. ಬೆನ್ನು ನೆಟ್ಟಗೆ ಮಾಡಿದಳು, ಜೀನಿನಲ್ಲಿ ಇಳಿದಳು. ಬಲಗಾಲು ಇದ್ದಲ್ಲೇ, ಎಡಗಾಲು ನಾಲ್ಕು ಬೆರಳು ಹಿಂದೆ. ಬಲಗೈ ಏಳಲು ಹೊರಟಿತು. "ಜೇಬಿಗೆ ಹೋಗು" ಎಂದಳು ಜೋರಾಗಿಯೇ. ಕೈ ಕೆಳಗಿಳಿದು ಮುಂದಕ್ಕೆ ಸರಿಯಿತು, ಲಗಾಮು ಒಂದಿಷ್ಟು ಸಡಿಲಾಯಿತು. ಚಿಟ್ಟೆಯ ಒಂದು ಕಿವಿ ಹಿಂದೆ ತಿರುಗಿತು. ಒಂದು ಹೆಜ್ಜೆ ಏನೂ ಆಗಲಿಲ್ಲ. ಎರಡನೇ ಹೆಜ್ಜೆಗೆ ಆ ಐನೂರು ಕಿಲೋ ಅವಳ ಕೆಳಗೆ ಎದ್ದು, ಹಗುರಾಗಿ, ತೂಗತೊಡಗಿತು. ಗೇಟು ಪಕ್ಕದಲ್ಲಿ ಹಾದುಹೋಯಿತು, ಪರೀಕ್ಷಕಿ ಹಾದುಹೋದರು. ಟೇಪು ಕೊರಳಿನಿಂದ ಹಾರಿ ಮರಳಿಗೆ ಬಿತ್ತು. ಬೀಳಲಿ ಬಿಡು ಎಂದುಕೊಂಡಳು.

"ಪಾಸು" ಎಂದರು ಪರೀಕ್ಷಕಿ. "ಕುದುರೆ ಜೊತೆ ಮಾತಾಡೋದು ಕಮ್ಮಿ ಮಾಡಿ."

ಟೇಪಮ್ಮ ಚಿಟ್ಟೆಯನ್ನು ನೇರ ಬೇಲಿಯ ಹತ್ತಿರ ತಂದು ನಿಲ್ಲಿಸಿದಳು. ಏದುಸಿರು ಬಿಡುತ್ತಾ ಒಂದೇ ಮಾತು ಕೇಳಿದಳು: "ಟಕ್ ಅಂದ್ಯಾ?"

ಮಗಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬಾಯಿ ತೆರೆಯದೆ ಅಮ್ಮನ ಅಂಗೈ ಎಳೆದುಕೊಂಡು, ತುಟಿಯಿಂದ ಒಂದೊಂದೇ ಸೂಜಿ ತೆಗೆದು ಅದರಲ್ಲಿಟ್ಟಳು. ಟೇಪಮ್ಮ ಎಣಿಸಿದಳು. ಆರೂ ಇದ್ದವು. ಕೊನೆಯ ಸೂಜಿಯ ಮೊನೆ ಕೆಂಪಗಿತ್ತು, ಮಗಳ ನಾಲಿಗೆಯ ತುದಿಯಲ್ಲಿ ಸಾಸಿವೆಕಾಳಿನಷ್ಟು ರಕ್ತ.

"ಬಂದುಬಿಡ್ತಿತ್ತಮ್ಮ" ಅಂದಳು. "ಇನ್ನೇನು ಬಂದೇಬಿಡ್ತಿತ್ತು. ಕಚ್ಚಿ ಹಿಡ್ಕೊಂಡೆ."

ಇವಳು ತನಗಾಗಿ ಎಂಟು ತಿಂಗಳು ಅಂದ ಎಲ್ಲ ಟಕ್‌ಗಳಿಗಿಂತ ಅನ್ನದೆ ಕಚ್ಚಿಹಿಡಿದ ಈ ಒಂದು ಟಕ್ ದೊಡ್ಡದು ಎಂದು ಟೇಪಮ್ಮನಿಗೆ ಅನ್ನಿಸಿತು. ಕುದುರೆಯ ಮೇಲಿಂದಲೇ ಬಗ್ಗಿ ಮಗಳ ಕೆದರಿದ ತಲೆ ಸವರಿದಳು. "ಅವತ್ತು ನಿನ್ನ ಕರ್ಚೀಫು ಬಿಚ್ಚಬಾರದಾಗಿತ್ತು ಕಣೇ. ತಪ್ಪಾಯ್ತು" ಎಂದಳು. ಮಗಳು ಬೇಲಿಯ ಮೇಲೆ ತಲೆಯಿಟ್ಟಳು. ಚಿಟ್ಟೆ ಅವಳ ಜೇಬು ಮೂಸಿತು.

"ಬಾ, ಹೊರಗೆ ಹೋಗೋಣ" ಎಂದಳು ಮಗಳು ಆಮೇಲೆ, ಮೂಗು ಒರೆಸಿಕೊಂಡು. ತಾತ ಅವಳ ಕುದುರೆಗೆ ಆಗಲೇ ಜೀನು ಬಿಗಿದು ತಂದಿದ್ದ. ಅವಳು ತೋಳ ಮೇಲಿದ್ದ ಕೋಟು ಹಾಕಿಕೊಂಡು ಗುಂಡಿ ಹಾಕತೊಡಗಿದಳು.

ನಡುವಿನ ಗುಂಡಿ ಈಗ ನೇತಾಡುತ್ತಿರಲಿಲ್ಲ. ಕಪ್ಪು ಕೋಟಿಗೆ ನೀಲಿ ದಾರ. ಸರಿಯಾದ ಜಾಗದಿಂದ ಅರ್ಧ ಇಂಚು ಕೆಳಗೆ, ಹತ್ತಿರ ಹತ್ತಿರ ಮೂವತ್ತು ಸುತ್ತು ಸುತ್ತಿ, ಹಿಂದೆ ಕಡಲೆಕಾಳಿನಷ್ಟು ಗಂಟು ಹಾಕಿ ಹೊಲಿದಿತ್ತು. ಗುಂಡಿ ಹಾಕಿದ್ದೇ ಕೋಟಿನ ಒಂದು ಪಕ್ಕ ಮೇಲೇರಿ, ಇನ್ನೊಂದು ಪಕ್ಕ ಕೆಳಗಿಳಿದು, ಮಗಳು ಇಡಿಯಾಗಿ ಸೊಟ್ಟಗೆ ಕಂಡಳು. ನಲವತ್ತು ವರ್ಷದ ದರ್ಜಿಯ ಬೆರಳುಗಳು ತುರಿಸಿದವು. ಬಾಯಿ ತೆರೆಯಿತು.

ಮಗಳು ಗುಂಡಿಯ ಮೇಲೆ ಕೈಯಿಟ್ಟುಕೊಂಡು ಅಮ್ಮನ ಕಡೆ ತಿರುಗಿ ನೋಡಿದಳು.

ಟೇಪಮ್ಮ ಅಂಗೈಯಲ್ಲಿದ್ದ ಆರೂ ಗುಂಡುಸೂಜಿಗಳನ್ನು ತುಟಿಯ ಮಧ್ಯೆ ಇಟ್ಟುಕೊಂಡು ಬಾಯಿ ಮುಚ್ಚಿದಳು. ತುಂಬ ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಮಗಳ ಮುಖ ನಿಧಾನವಾಗಿ ಅರಳಿತು, ಕೆನ್ನೆ ಕೆಂಪಾಯಿತು. ಅದೇ ಎಂಟು ವರ್ಷದ ಮುಖ. ಗೇಟು ಇನ್ನೂ ತೆರೆದೂ ಇರಲಿಲ್ಲ.